ಹಳೆಯ ವಾಹನದ ಎರಡನೇ ಬ್ಯಾಟರಿಯ ಆರೈಕೆ



ದನದ ಡಾಕ್ಟರಿಗೂ ಬ್ಯಾಟರಿಗೂ ಏನು ಸಂಬಂಧ ಎಂದು ತಲೆಬರಹ ನೋಡಿದ ಕೂಡಲೇ ಕೆಲವರಿಗೆ ಅನ್ನಿಸಬಹುದು. ಸಂಬಂಧ ಇದೆ. ಕಾಲುಬಾಯಿ ಜ್ವರದ ಲಸಿಕೆಯನ್ನು ತಯಾರಾದ ದಿನದಿಂದ ನಿಮ್ಮ ಹಸುವಿನ ಮೈ ಸೇರುವ ಗಳಿಗೆಯವರೆಗೆ 2 ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಅದು ಬಿಸಿಯಾಗಲೂ ಕೂಡದು, ಹೆಪ್ಪುಗಟ್ಟಲೂ ಕೂಡದು. ಹಳ್ಳಿಯಿಂದ ಹಳ್ಳಿಗೆ ಹೋಗುವ ವಾಹನದಲ್ಲಿ ಈ ತಂಪನ್ನು ಕಾಯುವುದು ಐಸ್ ಪೊಟ್ಟಣ ತುಂಬಿದ ಪೆಟ್ಟಿಗೆ, ಇಲ್ಲವೇ ಬ್ಯಾಟರಿಯಿಂದ ನಡೆಯುವ ಸಣ್ಣ ಫ್ರಿಜ್. ರಾತ್ರಿ ಬ್ಯಾಟರಿ ಇಳಿದು ಫ್ರಿಜ್ ನಿಂತುಹೋದರೆ ಯಾರಿಗೂ ಗೊತ್ತಾಗುವುದಿಲ್ಲ. ಬೆಳಿಗ್ಗೆ ಎಂಜಿನ್ ಚಾಲೂ ಮಾಡಿದ ಮೇಲೆ ಫ್ರಿಜ್ ಮತ್ತೆ ತಣ್ಣಗಾಗುತ್ತದೆ. ಬಿಸಿ ತಾಗಿದ ಲಸಿಕೆಯ ಬಾಟಲಿ ನೋಡಲು ಒಳ್ಳೆಯ ಬಾಟಲಿಯ ಹಾಗೆಯೇ ಇರುತ್ತದೆ. ಸೂಜಿ ಚುಚ್ಚಿದ್ದೂ ಆಯಿತು, ಕಿವಿಯೋಲೆಯ ನಂಬರು ಬರೆದುಕೊಂಡದ್ದೂ ಆಯಿತು, ಆದರೆ ಹಸುವಿಗೆ ರಕ್ಷಣೆ ಮಾತ್ರ ಸಿಕ್ಕಿರುವುದಿಲ್ಲ. ಮುಂದೆ ರೋಗ ಬಂದಾಗ ಲಸಿಕೆಯನ್ನೇ ಎಲ್ಲರೂ ದೂರುತ್ತಾರೆ. ಬ್ಯಾಟರಿಯನ್ನು ಯಾರೂ ನೆನೆಯುವುದಿಲ್ಲ.

(ಕೃತಕ ಗರ್ಭಧಾರಣೆಯ ವೀರ್ಯಕಡ್ಡಿಗಳಿಗೆ ಈ ತೊಂದರೆ ಇಲ್ಲ. ಅವು ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಇರುತ್ತವೆ. ಆ ಕ್ಯಾನಿಗೆ ಕರೆಂಟು ಬೇಡ, ಸಾರಜನಕ ಖಾಲಿಯಾಗದಂತೆ ನೋಡಿಕೊಂಡರೆ ಸಾಕು.)

ಲಸಿಕೆಯೊಂದೇ ಅಲ್ಲ. ಟೆಂಪೊದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಮತ್ತು ಹಾಲು ಪರೀಕ್ಷಾ ಯಂತ್ರ ಇಟ್ಟುಕೊಂಡು ಹಾಲು ಸಂಗ್ರಹಿಸುವವರಿದ್ದಾರೆ. ಕರು ಅಡ್ಡಲಾಗಿ ಸಿಕ್ಕಿಕೊಂಡ ಎಮ್ಮೆಗೆ ನಡುರಾತ್ರಿ ಕರೆಂಟಿಲ್ಲದ ಕೊಟ್ಟಿಗೆಯಲ್ಲಿ ಹೆರಿಗೆ ಮಾಡಿಸುವಾಗ ದೀಪವೂ ವಾಹನದಿಂದಲೇ ಬರಬೇಕು. ಇಂಥ ವಾಹನಗಳಲ್ಲಿ ಎಂಜಿನ್ ಚಾಲೂ ಮಾಡುವ ಬ್ಯಾಟರಿಯ ಜೊತೆಗೆ ಇನ್ನೊಂದನ್ನು ಹಿಂಭಾಗದಲ್ಲಿ ಕೂರಿಸಿರುತ್ತಾರೆ. ವಿದೇಶಗಳಲ್ಲಿ ಅಡುಗೆಮನೆ, ಹಾಸಿಗೆ ಎಲ್ಲವೂ ಇರುವ ಮೋಟಾರ್‌ಹೋಮ್ ಎಂಬ ಮನೆವಾಹನಗಳಲ್ಲಿ ಇರುವುದೂ ಇದೇ ಏರ್ಪಾಡು. ವಾಹನ ಹಳೆಯದಾದಂತೆ ಮೊದಲು ತೊಂದರೆ ಕೊಡುವುದೂ ಈ ಎರಡನೇ ಬ್ಯಾಟರಿಯೇ.

ಎರಡೂ ಒಂದೇ ಜಾತಿಯಲ್ಲ

ಹೊರಗಿನಿಂದ ಎರಡೂ ಒಂದೇ ರೀತಿಯ ಕಪ್ಪು ಪೆಟ್ಟಿಗೆ. ಒಳಗೆ ಬೇರೆ ಬೇರೆ. ಎಂಜಿನ್ ಚಾಲೂ ಮಾಡುವ ಬ್ಯಾಟರಿಯಲ್ಲಿ ತೆಳುವಾದ ಸೀಸದ ತಗಡುಗಳು ಹೆಚ್ಚು ಸಂಖ್ಯೆಯಲ್ಲಿ ಇರುತ್ತವೆ. ಕೆಲವು ಸೆಕೆಂಡು ನೂರಾರು ಆಂಪಿಯರ್ ಕೊಟ್ಟು ಮತ್ತೆ ತುಂಬಿಕೊಳ್ಳುವುದು ಅದರ ಕೆಲಸ. ಫ್ರಿಜ್, ದೀಪಗಳಿಗೆ ಬೇಕಾಗಿರುವುದು ಗಂಟೆಗಟ್ಟಲೆ ನಿಧಾನವಾಗಿ ಕೊಡುವ, ದಪ್ಪ ತಗಡಿನ ಅಥವಾ ಟ್ಯೂಬುಲರ್ ಬ್ಯಾಟರಿ. ಒಂದು ಓಟದ ಹೋರಿ, ಇನ್ನೊಂದು ಉಳುವ ಎತ್ತು. ಹೋರಿಯನ್ನು ದಿನವಿಡೀ ನೇಗಿಲಿಗೆ ಕಟ್ಟಿದರೆ ಏನಾಗುತ್ತದೆಂದು ನಿಮಗೆ ಹೇಳಬೇಕಾಗಿಲ್ಲ. ಹಳೆಯ ಟ್ರ್ಯಾಕ್ಟರ್ ಬ್ಯಾಟರಿಯನ್ನು ತಂದು ಫ್ರಿಜ್‌ಗೆ ಕೊಡುವ ಪದ್ಧತಿ ನಮ್ಮಲ್ಲಿ ಸಾಮಾನ್ಯವಾಗಿದೆ. ಅದು ಉಳಿತಾಯವಲ್ಲ.

ದಪ್ಪ ತಗಡಿನ ಬ್ಯಾಟರಿಯನ್ನು ಕೂಡ ಅರ್ಧಕ್ಕಿಂತ ಕೆಳಗೆ ಇಳಿಸದಿದ್ದರೆ ಬಾಳಿಕೆ ಹೆಚ್ಚು. 100 ಆಂಪಿಯರ್-ಗಂಟೆ ಎಂದು ಬರೆದಿದ್ದರೆ ನಿತ್ಯದ ಬಳಕೆಗೆ 50 ಎಂದೇ ಲೆಕ್ಕ ಹಿಡಿಯಿರಿ.

ಜಮಾ ಖರ್ಚಿನ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರೋಣ. ಎರಡನೇ ಬ್ಯಾಟರಿ ವಯಸ್ಸಾಗಿ ಸಾಯುವುದು ಕಡಿಮೆ. ಹೆಚ್ಚಿನವು ಹಸಿವಿನಿಂದ ಸಾಯುತ್ತವೆ. ವಾಹನ ಓಡುತ್ತಿದೆಯಲ್ಲ, ಚಾರ್ಜ್ ಆಗುತ್ತಲೇ ಇರುತ್ತದೆ ಎಂಬ ನಂಬಿಕೆಯಲ್ಲಿ ಅದನ್ನು ಎಂದೂ ಪೂರ್ತಿ ತುಂಬಿಸಿರುವುದೇ ಇಲ್ಲ.

ಒಂದು ಉದಾಹರಣೆ ನೋಡೋಣ. ಫ್ರಿಜ್‌ನ ಮೋಟಾರು ನಡೆಯುವಾಗ 4 ಆಂಪಿಯರ್ ಎಳೆಯುತ್ತದೆ, ದಿನದ 24 ಗಂಟೆಯಲ್ಲಿ ಅರ್ಧ ಹೊತ್ತು ನಡೆಯುತ್ತದೆ ಎಂದಿಟ್ಟುಕೊಳ್ಳಿ. 12 ಗಂಟೆಗೆ 48 ಆಂಪಿಯರ್-ಗಂಟೆ. 5 ವ್ಯಾಟಿನ ಎರಡು ಎಲ್.ಇ.ಡಿ. ದೀಪ 4 ಗಂಟೆ ಉರಿದರೆ ಇನ್ನು ಸುಮಾರು 3. ಒಟ್ಟು ಖರ್ಚು 51. ಜಮಾ ಎಷ್ಟು? ಹಳ್ಳಿಯ ದಾರಿಯಲ್ಲಿ ದಿನಕ್ಕೆ ಎರಡೂವರೆ ಗಂಟೆ ಎಂಜಿನ್ ಓಡಿತು, ಹಳೆಯ ತೆಳು ವೈರಿನಲ್ಲಿ ಹಿಂದಿನ ಬ್ಯಾಟರಿಗೆ ಸರಾಸರಿ 10 ಆಂಪಿಯರ್ ತಲುಪಿತು ಎಂದರೆ 25. ಅದರಲ್ಲೂ ಒಂದು ಪಾಲು ಶಾಖವಾಗಿ ಹೋಗುತ್ತದೆ. ಅಂದರೆ ಪ್ರತಿದಿನ ಅರ್ಧಕ್ಕೂ ಹೆಚ್ಚು ಸಾಲ! ಕರು ಹಾಕಿದ ಹೊಸತರಲ್ಲಿ ಹೆಚ್ಚು ಹಾಲು ಕೊಡುವ ಹಸು ತಿಂದದ್ದಕ್ಕಿಂತ ಹೆಚ್ಚು ಕೊಟ್ಟು ಮೈ ಇಳಿದುಹೋಗುವುದನ್ನು ನೀವು ಕಂಡಿದ್ದೀರಿ. ಇದೂ ಹಾಗೆಯೇ.

ಬ್ಯಾಟರಿ ತುಂಬುತ್ತಾ ಬಂದಂತೆ ಅದು ಕರೆಂಟನ್ನು ತೆಗೆದುಕೊಳ್ಳುವುದೂ ಕಡಿಮೆಯಾಗುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು. ಮೊದಲ ಮುಕ್ಕಾಲು ಪಾಲು ಬೇಗ ತುಂಬುತ್ತದೆ. ಕೊನೆಯ ಕಾಲು ಪಾಲಿಗೆ ಮೂರು ನಾಲ್ಕು ಗಂಟೆ ಬೇಕು. ಆ ಕೊನೆಯ ಕಾಲು ಪಾಲು ಎಂಜಿನ್ನಿನಿಂದ ಬಹುತೇಕ ಆಗುವುದೇ ಇಲ್ಲ. ಬಳಸಿದ ಬ್ಯಾಟರಿಯ ತಗಡುಗಳ ಮೇಲೆ ಸೀಸದ ಸಲ್ಫೇಟ್ ಕೂರುತ್ತದೆ. ಬೇಗ ತುಂಬಿಸಿದರೆ ಅದು ಕರಗಿ ಹೋಗುತ್ತದೆ. ವಾರಗಟ್ಟಲೆ ಹಾಗೇ ಬಿಟ್ಟರೆ ಗಟ್ಟಿ ಹರಳಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ತಗಡಿನ ಆ ಭಾಗ ಕೆಲಸಕ್ಕೆ ಬಾರದು. ಮೆಕ್ಯಾನಿಕ್‌ಗಳು ಬ್ಯಾಟರಿ ‘ಸಲ್ಫೇಟ್ ಆಗಿದೆ’ ಎನ್ನುವುದು ಇದಕ್ಕೇ.

ಆದುದರಿಂದ ಒಂದು ನಿಯಮ ಮಾಡಿಕೊಳ್ಳಿ: ವಾರಕ್ಕೆ ಒಂದು ರಾತ್ರಿಯಾದರೂ ಎರಡನೇ ಬ್ಯಾಟರಿಯನ್ನು ಮನೆಯ ಅಥವಾ ಸಂಘದ ಕರೆಂಟಿನಿಂದ ಒಳ್ಳೆಯ ಚಾರ್ಜರ್ ಮೂಲಕ ಪೂರ್ತಿ ತುಂಬಿಸಬೇಕು. ಫ್ರಿಜ್ ದಿನವೂ ನಡೆಯುವ ವಾಹನಕ್ಕೆ ಪ್ರತಿ ರಾತ್ರಿ. ಈ ಲೇಖನದಲ್ಲಿ ಬೇರೆ ಏನನ್ನು ಮರೆತರೂ ಇದನ್ನು ಮರೆಯಬೇಡಿ.

ಲ್ಯಾಕ್ಟೋಮೀಟರಿನ ತಮ್ಮ

ಬ್ಯಾಟರಿ ತುಂಬಿದೆಯೋ ಇಲ್ಲವೋ ಎಂದು ತಿಳಿಯುವುದು ಹೇಗೆ? ದೀಪ ಪ್ರಕಾಶವಾಗಿ ಉರಿಯುತ್ತದೆ, ಹಾರ್ನ್ ಜೋರಾಗಿದೆ ಎಂಬುದು ಪರೀಕ್ಷೆಯಲ್ಲ. ಸಂಘದಲ್ಲಿ ಲ್ಯಾಕ್ಟೋಮೀಟರ್ ನೋಡಿದ ಪ್ರತಿಯೊಬ್ಬ ಸದಸ್ಯರಿಗೂ ಹೈಡ್ರೋಮೀಟರ್ ಅರ್ಥವಾಗುತ್ತದೆ. ಹಾಲಿಗೆ ನೀರು ಬೆರೆತರೆ ಸಾಂದ್ರತೆ ಇಳಿದು ಲ್ಯಾಕ್ಟೋಮೀಟರ್ ಕೆಳಗೆ ಮುಳುಗುತ್ತದೆ. ಬ್ಯಾಟರಿಯಲ್ಲೂ ಅಷ್ಟೆ. ಚಾರ್ಜ್ ಇಳಿದಂತೆ ಗಂಧಕಾಮ್ಲ ತಗಡುಗಳಿಗೆ ಸೇರಿ, ದ್ರವ ನೀರಿನಂತೆ ತೆಳ್ಳಗಾಗುತ್ತದೆ. ತುಂಬಿದ ಬ್ಯಾಟರಿಯ ಗ್ರ್ಯಾವಿಟಿ ತಯಾರಿಕೆಗೆ ಅನುಗುಣವಾಗಿ ಸಾಮಾನ್ಯವಾಗಿ 1.240 ರಿಂದ 1.280ರ ಒಳಗೆ ಇರುತ್ತದೆ. ನಿಮ್ಮ ಬ್ಯಾಟರಿಯದು ಎಷ್ಟೆಂದು ಅದರ ಮೇಲೆ ಅಥವಾ ಗ್ಯಾರಂಟಿ ಕಾರ್ಡಿನಲ್ಲಿ ಬರೆದಿರುತ್ತಾರೆ. 1.150ರ ಹತ್ತಿರ ಬಂದರೆ ಖಾಲಿ ಎಂದೇ ತಿಳಿಯಬೇಕು.

12 ವೋಲ್ಟಿನ ಬ್ಯಾಟರಿಯಲ್ಲಿ ಆರು ಕೋಣೆಗಳಿರುತ್ತವೆ. ಆರನ್ನೂ ನೋಡಿ ಬರೆದಿಟ್ಟುಕೊಳ್ಳಿ. ಎಲ್ಲವೂ ಸಮನಾಗಿ ಕಡಿಮೆ ಇದ್ದರೆ ಬ್ಯಾಟರಿ ಹಸಿದಿದೆ, ಚಾರ್ಜ್ ಮಾಡಿದರೆ ಏಳುತ್ತದೆ. ಐದು ಸರಿಯಿದ್ದು ಒಂದು ಮಾತ್ರ 0.050ಕ್ಕಿಂತ ಹೆಚ್ಚು ಕೆಳಗಿದ್ದರೆ, ಚಾರ್ಜ್ ಮಾಡಿದ ಮೇಲೂ ಹಾಗೆಯೇ ಉಳಿದರೆ, ಆ ಕೋಣೆ ಕೆಟ್ಟಿದೆ. ನಾಲ್ಕು ಮೊಲೆಗಳಲ್ಲಿ ಒಂದಕ್ಕೆ ಕೆಚ್ಚಲಬಾವು ಬಂದ ಹಾಗೆ. ವ್ಯತ್ಯಾಸವೆಂದರೆ ಕೆಚ್ಚಲಬಾವಿಗೆ ಔಷಧವಿದೆ, ಇದಕ್ಕಿಲ್ಲ. ಒಂದು ಕೋಣೆ ಕೆಟ್ಟ ಬ್ಯಾಟರಿಯನ್ನು ಲಸಿಕೆಯ ಫ್ರಿಜ್‌ಗೆ ಬಳಸಬೇಡಿ.

ನೀರು ಹಾಕಿದ ಕೂಡಲೇ ಗ್ರ್ಯಾವಿಟಿ ನೋಡಬಾರದು. ನೀರು ಮೇಲೇ ನಿಂತಿರುತ್ತದೆ, ಅಳತೆ ತಪ್ಪು ಬರುತ್ತದೆ. ಉಷ್ಣತೆಯ ಲೆಕ್ಕವೂ ಲ್ಯಾಕ್ಟೋಮೀಟರಿನಲ್ಲಿ ಇರುವಂತೆಯೇ ಇದೆ. ದ್ರವ 10 ಡಿಗ್ರಿ ಹೆಚ್ಚು ಬಿಸಿಯಿದ್ದರೆ ಅಳತೆ ಸುಮಾರು 0.007 ಕಡಿಮೆ ತೋರಿಸುತ್ತದೆ.

ಮುಚ್ಚಳ ತೆಗೆಯಲಾಗದ ಬ್ಯಾಟರಿಗೆ ಮಲ್ಟಿಮೀಟರ್ ಬಳಸಬೇಕು. ಕೆಲವು ನೂರು ರೂಪಾಯಿಗೆ ಸಿಗುವ ಡಿಜಿಟಲ್ ಮೀಟರ್ ಸಾಕು. ಚಾರ್ಜಿಂಗ್ ನಿಲ್ಲಿಸಿ, ಫ್ರಿಜ್, ದೀಪ ಎಲ್ಲ ಆರಿಸಿ, ನಾಲ್ಕಾರು ಗಂಟೆ ಬಿಟ್ಟು ಅಳೆಯಿರಿ. 12.6 ಅಥವಾ 12.7 ವೋಲ್ಟ್ ಇದ್ದರೆ ತುಂಬಿದೆ. 12.4 ಎಂದರೆ ಮುಕ್ಕಾಲು, 12.2 ಎಂದರೆ ಅರ್ಧ, 12.0 ಎಂದರೆ ಕಾಲು ಭಾಗ. 11.8 ಎಂದರೆ ಹೊಟ್ಟೆ ಬೆನ್ನಿಗೆ ಅಂಟಿದೆ. ಇಲ್ಲಿ ಅರ್ಧಕ್ಕೂ ಪೂರ್ತಿಗೂ ಇರುವ ಅಂತರ ಅರ್ಧ ವೋಲ್ಟ್ ಕೂಡ ಅಲ್ಲ. ಡ್ಯಾಷ್‌ಬೋರ್ಡಿನಲ್ಲಿರುವ ಮುಳ್ಳಿನ ಮೀಟರನ್ನು ನಂಬಿ ಕೂರಬಾರದು ಎನ್ನುವುದು ಈ ಕಾರಣಕ್ಕೆ.

ಆಲ್ಟರ್ನೇಟರ್ ಕೊಡುತ್ತಿದೆಯೇ?

ಎಂಜಿನ್ ಚಾಲೂ ಮಾಡಿ, ಸ್ವಲ್ಪ ರೇಸ್ ಕೊಟ್ಟು, ಮುಂದಿನ ಬ್ಯಾಟರಿಯ ಮೇಲೆ ಮೀಟರ್ ಹಿಡಿಯಿರಿ. 13.8 ರಿಂದ 14.4 ವೋಲ್ಟ್ ಬರಬೇಕು. ಹೆಡ್‌ಲೈಟ್ ಹಾಕಿದಾಗಲೂ 13.5ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಮೊದಲು ಬೆಲ್ಟ್ ನೋಡಿ. ಎಂಜಿನ್ ನಿಲ್ಲಿಸಿ ಎರಡು ಪುಲ್ಲಿಗಳ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಬೆಲ್ಟ್ 10 ರಿಂದ 15 ಮಿಲಿಮೀಟರ್ ಬಗ್ಗಬೇಕು. ಅದಕ್ಕಿಂತ ಸಡಿಲವಿದ್ದರೆ ಜಾರುತ್ತದೆ. ಒಳಮೈ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ಬದಲಾಯಿಸಿ. ಬೆಲ್ಟ್ ಸರಿಯಿದ್ದರೆ ಕಾರ್ಬನ್ ಬ್ರಷ್, ರೆಗ್ಯುಲೇಟರ್, ಡಯೋಡ್‌ಗಳ ಸರದಿ. ಅದನ್ನು ಆಟೋ ಎಲೆಕ್ಟ್ರಿಷಿಯನ್ ನೋಡಲಿ. ಹಳೆಯ ವಾಹನಗಳಲ್ಲಿ ಒಂದು ಸಣ್ಣ ವಿಷಯವಿದೆ. ಕೀಲಿ ತಿರುಗಿಸಿದಾಗ ಉರಿಯುವ ಕೆಂಪು ಬ್ಯಾಟರಿ ದೀಪದ ಮೂಲಕವೇ ಆಲ್ಟರ್ನೇಟರಿಗೆ ಮೊದಲ ಪ್ರಚೋದನೆ ಹೋಗುತ್ತದೆ. ಆ ಬಲ್ಬ್ ಸುಟ್ಟುಹೋದರೆ ಆಲ್ಟರ್ನೇಟರ್ ಚಾರ್ಜ್ ಮಾಡದೇ ಇರಬಹುದು. ಐವತ್ತು ರೂಪಾಯಿಯೂ ಇಲ್ಲದ ಬಲ್ಬಿಗೆ ಬದಲು ಸಾವಿರಾರು ರೂಪಾಯಿಯ ಆಲ್ಟರ್ನೇಟರ್ ಬದಲಾಯಿಸುವುದು ಬೇಡ. ಕೀಲಿ ತಿರುಗಿಸಿದಾಗ ಕೆಂಪು ದೀಪ ಹತ್ತಬೇಕು, ಎಂಜಿನ್ ಚಾಲೂ ಆದಾಗ ಆರಬೇಕು. ಎರಡನ್ನೂ ದಿನವೂ ಗಮನಿಸಿ.

ಬಹಳ ಹಳೆಯ ಜೀಪುಗಳಲ್ಲಿ ಆಲ್ಟರ್ನೇಟರ್ ಬದಲು ಡೈನಮೋ ಮತ್ತು ಕಟೌಟ್ ಇರುತ್ತವೆ. ಡೈನಮೋ ನಿಧಾನ ವೇಗದಲ್ಲಿ ಏನೂ ಕೊಡುವುದಿಲ್ಲ. ಇಂಥ ವಾಹನಕ್ಕೆ ಫ್ರಿಜ್ ಜೋಡಿಸುವ ಯೋಚನೆ ಬಿಡುವುದು ವಾಸಿ.

14.8 ವೋಲ್ಟಿಗಿಂತ ಹೆಚ್ಚು ಬಂದರೆ ಅದೂ ಅಪಾಯವೇ. ರೆಗ್ಯುಲೇಟರ್ ಕೆಟ್ಟು ಬ್ಯಾಟರಿಗೆ ಅತಿಯಾಗಿ ಉಣಿಸುತ್ತಿದೆ. ನೀರು ಬೇಗ ಬೇಗ ಇಳಿಯುವುದು, ಕೊಳೆತ ಮೊಟ್ಟೆಯ ವಾಸನೆ, ಪೆಟ್ಟಿಗೆಯ ಪಕ್ಕ ಉಬ್ಬುವುದು ಇದರ ಲಕ್ಷಣಗಳು.

ಎಂಜಿನ್ ಓಡುತ್ತಿರುವಾಗ ಯಾವ ಕಾರಣಕ್ಕೂ ಬ್ಯಾಟರಿಯ ವೈರ್ ಬಿಚ್ಚಕೂಡದು. ‘ಆಲ್ಟರ್ನೇಟರ್ ಕೆಲಸ ಮಾಡುತ್ತದೆಯೋ ನೋಡೋಣ’ ಎಂದು ವೈರ್ ಎಳೆದು ತೋರಿಸುವ ಮೆಕ್ಯಾನಿಕ್‌ಗಳು ಈಗಲೂ ಇದ್ದಾರೆ. ಡೈನಮೋ ಕಾಲದ ಆ ಚಮತ್ಕಾರ ಆಲ್ಟರ್ನೇಟರಿನ ಡಯೋಡ್‌ಗಳನ್ನು ಸುಟ್ಟುಬಿಡುತ್ತದೆ.

ದಾರಿಯಲ್ಲಿ ಸೋರುವ ವೋಲ್ಟ್

ಮುಂದಿನ ಬ್ಯಾಟರಿಯಲ್ಲಿ 14.2 ವೋಲ್ಟ್, ಅದೇ ಹೊತ್ತಿಗೆ ಹಿಂದಿನ ಬ್ಯಾಟರಿಯಲ್ಲಿ 13.3. ಹಳೆಯ ವಾಹನಗಳಲ್ಲಿ ಇಂಥ ಅಂತರ ಬಹಳ ಸಾಮಾನ್ಯ. 13.3ರಲ್ಲಿ ಬ್ಯಾಟರಿ ಎಂದಿಗೂ ತುಂಬದು. ಡೇರಿಯಿಂದ ತುಂಬಿಸಿ ಕಳಿಸಿದ ಕ್ಯಾನು ದಾರಿಯಲ್ಲಿ ಸೋರಿದಂತೆ ಈ ಒಂದು ವೋಲ್ಟ್ ಎಲ್ಲಿ ಸೋರಿತು?

ಹೆಚ್ಚಾಗಿ ವೈರಿನಲ್ಲಿ. ಎಂಜಿನ್ನಿನಿಂದ ಹಿಂಭಾಗಕ್ಕೆ 5 ಮೀಟರ್, ಹೋಗಿ ಬರುವ ಎರಡೂ ವೈರ್ ಸೇರಿ 10 ಮೀಟರ್. ಅಲ್ಲಿ 4 ಚದರ ಮಿಲಿಮೀಟರಿನ ತಾಮ್ರದ ವೈರ್ ಹಾಕಿದ್ದರೆ 20 ಆಂಪಿಯರ್ ಹರಿಯುವಾಗ ವೈರಿನಲ್ಲಿಯೇ ಸುಮಾರು 0.86 ವೋಲ್ಟ್ ಕಳೆದುಹೋಗುತ್ತದೆ. ಅದನ್ನು 16 ಚದರ ಮಿಲಿಮೀಟರಿಗೆ ಬದಲಾಯಿಸಿದರೆ ನಷ್ಟ 0.22 ವೋಲ್ಟಿಗೆ ಇಳಿಯುತ್ತದೆ. ದಪ್ಪ ವೈರಿಗೆ ಕೊಟ್ಟ ಹಣ ಬ್ಯಾಟರಿಯ ಬಾಳಿಕೆಯಲ್ಲಿ ವಾಪಸು ಬರುತ್ತದೆ. ಈ ವೈರಿನ ಎರಡು ತುದಿಗಳಲ್ಲೂ ಬ್ಯಾಟರಿಯ ಹತ್ತಿರವೇ ಒಂದೊಂದು ಫ್ಯೂಸ್ ಇರಬೇಕು. ಒಂದೇ ಸಾಲದು. ವೈರ್ ಎಲ್ಲಾದರೂ ಬಾಡಿಗೆ ಉಜ್ಜಿ ತಗುಲಿದರೆ ಎರಡೂ ಬ್ಯಾಟರಿಗಳಿಂದ ಬೆಂಕಿ ಹುಟ್ಟಬಹುದು.

ಇನ್ನೊಂದು ಸೋರುವ ಜಾಗ ಅರ್ಥ್ ಪಟ್ಟಿ. ಎಂಜಿನ್ನಿನಿಂದ ಚಾಸಿಗೆ ಹೋಗುವ ಹೆಣೆದ ಪಟ್ಟಿ ಕೆಸರು, ತುಕ್ಕು ಹಿಡಿದು ಹೆಸರಿಗೆ ಮಾತ್ರ ಇರುತ್ತದೆ. ಚಾರ್ಜ್ ಆಗುತ್ತಿರುವಾಗ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್‌ಗೂ ಇನ್ನೊಂದನ್ನು ಎಂಜಿನ್ ಬ್ಲಾಕಿಗೂ ಇಡಿ. 0.2 ವೋಲ್ಟಿಗಿಂತ ಹೆಚ್ಚು ತೋರಿದರೆ ಪಟ್ಟಿ ಬಿಚ್ಚಿ, ಎಮರಿ ಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ, ಬಿಗಿ ಮಾಡಿ.

ಮೂರನೆಯದು, ಎರಡು ಬ್ಯಾಟರಿಗಳನ್ನು ಬೇರ್ಪಡಿಸುವ ಸಾಧನ. ಎಂಜಿನ್ ನಿಂತಾಗ ಫ್ರಿಜ್ ಮುಂದಿನ ಬ್ಯಾಟರಿಯನ್ನೂ ಹೀರದಂತೆ ತಡೆಯಲು ಇದು ಬೇಕೇ ಬೇಕು. ಇಲ್ಲದಿದ್ದರೆ ಬೆಳಿಗ್ಗೆ ಊರಿನವರನ್ನೆಲ್ಲ ಕರೆದು ವಾಹನ ತಳ್ಳಿಸಬೇಕಾಗುತ್ತದೆ. ಹಳೆಯ ವಾಹನಗಳಲ್ಲಿ ಕೆಲವೆಡೆ ಡಯೋಡ್ ಜೋಡಿ ಹಾಕಿರುತ್ತಾರೆ. ಡಯೋಡ್ ತನ್ನ ಪಾಲಿಗೆ ಸುಮಾರು 0.7 ವೋಲ್ಟ್ ಇಟ್ಟುಕೊಂಡು ಉಳಿದದ್ದನ್ನು ಕೊಡುತ್ತದೆ. 14.0 ಹೋಗಿ 13.3 ಆಗುತ್ತದೆ. ಎಂಜಿನ್ ಓಡುವಾಗ ಮಾತ್ರ ಸೇರಿಸುವ ದಪ್ಪ ರಿಲೇ ಇದಕ್ಕಿಂತ ಒಳ್ಳೆಯದು. ರಿಲೇ ಸುಲಭವಾಗಿ ಪರೀಕ್ಷಿಸಬಹುದು. ಎಂಜಿನ್ ನಿಲ್ಲಿಸಿ ಕೆಲವು ಗಂಟೆ ಫ್ರಿಜ್ ನಡೆಸಿ. ಎರಡೂ ಬ್ಯಾಟರಿಗಳ ವೋಲ್ಟ್ ಒಂದೇ ಸಮನೆ ಇಳಿಯುತ್ತಿದ್ದರೆ ರಿಲೇಯ ಒಳಗೆ ಅಂಟಿಕೊಂಡಿದೆ.

ಖಾಲಿ ಬ್ಯಾಟರಿಯನ್ನು ತುಂಬಿಸಲೆಂದು ನಿಂತ ವಾಹನದ ಎಂಜಿನ್ನನ್ನು ಗಂಟೆಗಟ್ಟಲೆ ಓಡಿಸುವುದು ಬೇಡ. ಡೀಸೆಲ್ ನಷ್ಟವಲ್ಲದೆ, ಗಾಳಿ ಸಾಲದೆ ಹಳೆಯ ಆಲ್ಟರ್ನೇಟರ್ ಕಾದು ಸುಟ್ಟುಹೋದೀತು.

ಚಾರ್ಜರ್ ಆರಿಸುವಾಗ

ಅಗ್ಗದ ಟ್ರಾನ್ಸ್‌ಫಾರ್ಮರ್ ಚಾರ್ಜರುಗಳಿಗೆ ನಿಲ್ಲಿಸುವುದು ಗೊತ್ತಿಲ್ಲ. ಸಂಜೆ ಹಚ್ಚಿ ಬೆಳಿಗ್ಗೆ ನೋಡಿದರೆ ಬ್ಯಾಟರಿ ಕುದಿಯುತ್ತಿರುತ್ತದೆ. ಹಳ್ಳಿಯಲ್ಲಿ ರಾತ್ರಿ ಕರೆಂಟಿನ ಒತ್ತಡ ಏರಿದಾಗಲಂತೂ ಇನ್ನೂ ಹೆಚ್ಚು. ಮೊದಲು ಪೂರ್ಣ ಕರೆಂಟು ಕೊಟ್ಟು, 14.4 ವೋಲ್ಟ್ ಮುಟ್ಟಿದ ಮೇಲೆ ಅಲ್ಲಿಯೇ ಹಿಡಿದು, ತುಂಬಿದ ಬಳಿಕ 13.5ರ ಆಸುಪಾಸಿಗೆ ತಾನಾಗಿಯೇ ಇಳಿಯುವ ಚಾರ್ಜರ್ ತೆಗೆದುಕೊಳ್ಳಿ. 100 ಆಂಪಿಯರ್-ಗಂಟೆಯ ಬ್ಯಾಟರಿಗೆ 10 ಆಂಪಿಯರಿನ ಚಾರ್ಜರ್ ಸಾಕು. ಅರ್ಧ ಖಾಲಿಯಾದದ್ದು ಒಂದು ರಾತ್ರಿಯಲ್ಲಿ ತುಂಬುತ್ತದೆ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ಬ್ಯಾಟರಿಯೇ ಕಾದಿರುವಾಗ ವೋಲ್ಟ್ ಸ್ವಲ್ಪ ಕಡಿಮೆ ಬೇಕು. ಉಷ್ಣತೆ ನೋಡಿ ತಗ್ಗಿಸಿಕೊಳ್ಳುವ ಚಾರ್ಜರುಗಳೂ ಬಂದಿವೆ.

ವಾಹನದ ತಲೆಯ ಮೇಲೆ ಸೌರ ಫಲಕ ಹಾಕಿಸಿದರೆ ಕೊನೆಯ ಆ ನಿಧಾನದ ಕಾಲು ಪಾಲನ್ನು ತುಂಬಿಸಲು ಬಹಳ ಅನುಕೂಲ. ಕಂಟ್ರೋಲರ್ ಇಲ್ಲದೆ ನೇರವಾಗಿ ಜೋಡಿಸಬಾರದು. ಲಿಥಿಯಂ ಬ್ಯಾಟರಿಗಳ ಬಗ್ಗೆ ಈಗ ಬಹಳ ಜನ ಕೇಳುತ್ತಾರೆ. ಅವು ಹಗುರ, ಹೆಚ್ಚು ಕಾಲ ಬಾಳುತ್ತವೆ. ಆದರೆ ಹಳೆಯ ವಾಹನದ ಆಲ್ಟರ್ನೇಟರಿಗೆ ನೇರ ಜೋಡಿಸಿದರೆ ಅವು ಎಳೆಯುವ ಕರೆಂಟಿಗೆ ಆಲ್ಟರ್ನೇಟರ್ ತಾಳುವುದಿಲ್ಲ. ನಡುವೆ ಅದಕ್ಕೆಂದೇ ಇರುವ ಡಿ.ಸಿ. ಚಾರ್ಜರ್ ಬೇಕು. ಅಷ್ಟು ಖರ್ಚು ಮಾಡುವ ಶಕ್ತಿ ಇಲ್ಲದವರು ಸೀಸದ ಬ್ಯಾಟರಿಯನ್ನೇ ಚೆನ್ನಾಗಿ ನೋಡಿಕೊಳ್ಳಲಿ.

ನೀರು, ಟರ್ಮಿನಲ್, ಗಾಳಿ

ತಿಂಗಳಿಗೊಮ್ಮೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ನೀರಿನ ಮಟ್ಟ ನೋಡಿ. ಬಟ್ಟಿ ಇಳಿಸಿದ ನೀರು ಮಾತ್ರ ಹಾಕಬೇಕು. ಬೋರ್‌ವೆಲ್ ನೀರಿನ ಲವಣ ತಗಡುಗಳಿಗೆ ವಿಷ. ತಗಡು ಮುಳುಗುವಷ್ಟು ಇದ್ದರೆ ಚಾರ್ಜ್ ಮಾಡಿದ ಮೇಲೆ ಮಾರ್ಕಿನವರೆಗೆ ತುಂಬಿ. ಮೊದಲೇ ತುಂಬಿದರೆ ಉಕ್ಕಿ ಆಮ್ಲ ಹೊರಬರುತ್ತದೆ. ತಗಡು ಬರಿದಾಗಿದ್ದರೆ ಮಾತ್ರ ಮುಳುಗುವಷ್ಟು ಹಾಕಿ ಆಮೇಲೆ ಚಾರ್ಜ್ ಮಾಡಬೇಕು. ‘ಪವರ್ ಕಡಿಮೆಯಾಗಿದೆ, ಸ್ವಲ್ಪ ಆಸಿಡ್ ಹಾಕು’ ಎನ್ನುವ ಸಲಹೆಯನ್ನು ಕೇಳಬೇಡಿ. ಕಡಿಮೆಯಾದದ್ದು ನೀರು, ಆಮ್ಲವಲ್ಲ.

ಟರ್ಮಿನಲ್ ಮೇಲೆ ಬಿಳಿ, ಹಸಿರು ಬೂಷ್ಟು ಕಟ್ಟಿದ್ದರೆ ಮುಚ್ಚಳಗಳನ್ನು ಭದ್ರಪಡಿಸಿ, ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದು, ಒರೆಸಿ, ಬಿಗಿ ಮಾಡಿ ವ್ಯಾಸಲಿನ್ ಸವರಿ. ಸೋಡಾ ನೀರು ಒಳಗೆ ಹೋಗಬಾರದು. ಬಿಚ್ಚುವಾಗ ನೆಗೆಟಿವ್ ಮೊದಲು, ಜೋಡಿಸುವಾಗ ನೆಗೆಟಿವ್ ಕೊನೆಗೆ. ಹಾಗೆ ಮಾಡಿದರೆ ಸ್ಪ್ಯಾನರ್ ಬಾಡಿಗೆ ತಾಗಿ ಕಿಡಿ ಹಾರುವುದಿಲ್ಲ.

ಚಾರ್ಜ್ ಆಗುವಾಗ ಬ್ಯಾಟರಿಯಿಂದ ಜಲಜನಕ ಹೊರಬರುತ್ತದೆ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೂ ಅದು ಸಿಡಿಯಬಲ್ಲದು. ಎರಡನೇ ಬ್ಯಾಟರಿಯನ್ನು ಸೀಟಿನ ಕೆಳಗೆ ಇಟ್ಟಿರುವ ವಾಹನಗಳಲ್ಲಿ ಅದಕ್ಕೆ ಪೆಟ್ಟಿಗೆ ಮಾಡಿಸಿ, ಮೇಲ್ಭಾಗದಿಂದ ಹೊರಗೆ ಗಾಳಿ ಹೋಗುವ ಕೊಳವೆ ಇಡಲೇಬೇಕು. ಹತ್ತಿರ ಬೀಡಿ ಹಚ್ಚಬೇಡಿ, ನೀರಿನ ಮಟ್ಟ ನೋಡಲು ಲೈಟರ್ ಹಿಡಿಯಬೇಡಿ. ಆಮ್ಲ ಕಣ್ಣಿಗೆ ಸಿಡಿದರೆ ಕಾಲು ಗಂಟೆಯಾದರೂ ಶುದ್ಧ ನೀರು ಹಾಕುತ್ತಾ ತೊಳೆದು ಆಸ್ಪತ್ರೆಗೆ ಹೋಗಿ.

ಬ್ಯಾಟರಿಯನ್ನು ಸಿಮೆಂಟ್ ನೆಲದ ಮೇಲಿಟ್ಟರೆ ಚಾರ್ಜ್ ಇಳಿಯುತ್ತದೆ ಎಂಬ ಮಾತು ಹಳೆಯ ಕಾಲದ ಪೆಟ್ಟಿಗೆಗಳಿಗೆ ಹೊಂದುತ್ತಿತ್ತೇನೋ, ಇಂದಿನ ಪ್ಲಾಸ್ಟಿಕ್ ಪೆಟ್ಟಿಗೆಗೆ ಹೊಂದುವುದಿಲ್ಲ. ಎಲ್ಲಿಟ್ಟರೂ ತಾನಾಗಿ ಇಳಿಯುವುದಂತೂ ನಿಜ. ವಾಹನ ತಿಂಗಳುಗಟ್ಟಲೆ ನಿಲ್ಲುವುದಾದರೆ ನೆಗೆಟಿವ್ ಬಿಚ್ಚಿಟ್ಟು, ತಿಂಗಳಿಗೊಮ್ಮೆ ಚಾರ್ಜ್ ಮಾಡಿ.

ಕಿತ್ತ ಬ್ಯಾಟರಿ ಕೊಟ್ಟಿಗೆಗೆ ಬೇಡ

ಕೊನೆಯದಾಗಿ ನನ್ನ ವೃತ್ತಿಗೇ ಸಂಬಂಧಿಸಿದ ವಿಷಯ. ಎಷ್ಟು ಆರೈಕೆ ಮಾಡಿದರೂ ಒಂದು ದಿನ ಬ್ಯಾಟರಿ ಮುಗಿಯುತ್ತದೆ. ಕಿತ್ತದ್ದನ್ನು ಗುಜರಿಯವನು ಬರಲಿ ಎಂದು ಕೊಟ್ಟಿಗೆಯ ಮೂಲೆಯಲ್ಲೋ ಹುಲ್ಲಿನ ಬಣವೆಯ ಪಕ್ಕದಲ್ಲೋ ಇಡುತ್ತಾರೆ. ಬಿಸಿಲಿಗೆ ಪೆಟ್ಟಿಗೆ ಒಡೆಯುತ್ತದೆ, ಸೀಸದ ಪುಡಿ ಹೊರಬರುತ್ತದೆ. ದನಗಳು, ಅದರಲ್ಲೂ ಕರುಗಳು, ಅದನ್ನು ನೆಕ್ಕುತ್ತವೆ. ಮೇವಿನಲ್ಲಿ ಲವಣ ಸಾಲದ ದನಗಳಿಗೆ ಈ ಚಟ ಹೆಚ್ಚು. ಜಗತ್ತಿನ ಅನೇಕ ಕಡೆ ದನಗಳ ಸೀಸದ ವಿಷಬಾಧೆಗೆ ಬಿಸಾಡಿದ ಬ್ಯಾಟರಿಯೇ ಮುಖ್ಯ ಕಾರಣವೆಂದು ಕಂಡುಬಂದಿದೆ.

ನುಂಗಿದ ಸೀಸದ ಚೂರು ಜೇನುಗೂಡು ಹೊಟ್ಟೆಯಲ್ಲಿ ಕುಳಿತು ದಿನದಿನವೂ ಸ್ವಲ್ಪ ಸ್ವಲ್ಪ ಕರಗುತ್ತಾ ರಕ್ತಕ್ಕೆ ಸೇರುತ್ತದೆ. ದನಕ್ಕೆ ಕಣ್ಣು ಕಾಣದಂತಾಗಿ ಗೋಡೆಗೆ ಹಾಯುತ್ತದೆ, ತಲೆಯನ್ನು ಕಂಬಕ್ಕೆ ಒತ್ತಿ ನಿಲ್ಲುತ್ತದೆ, ಹಲ್ಲು ಕಡಿಯುತ್ತದೆ, ಜೊಲ್ಲು ಸುರಿಸುತ್ತದೆ, ಕಿವಿ ರೆಪ್ಪೆಗಳು ಅದುರುತ್ತವೆ, ಮೆಲುಕು ನಿಲ್ಲುತ್ತದೆ. ಕರುಗಳು ಒಮ್ಮೆಲೇ ಸೆಳೆತ ಬಂದು ಸಾಯುವುದೂ ಉಂಟು. ಹುಚ್ಚುನಾಯಿ ಕಡಿತದ ರೋಗದಲ್ಲೂ ಇಂಥವೇ ಲಕ್ಷಣಗಳು ಇರುವುದರಿಂದ, ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಬಾಯಿಗೆ ಕೈ ಹಾಕಬೇಡಿ. ಕೂಡಲೇ ಪಶುವೈದ್ಯರನ್ನು ಕರೆಯಿರಿ, ಹತ್ತಿರದಲ್ಲಿ ಹಳೆಯ ಬ್ಯಾಟರಿ ಇತ್ತು ಎಂಬುದನ್ನು ಮರೆಯದೆ ಹೇಳಿ. ಆ ಒಂದು ಮಾತು ರೋಗ ಪತ್ತೆಗೆ ಎಷ್ಟೋ ಸಹಾಯ ಮಾಡುತ್ತದೆ. ಬೇಗ ತಿಳಿದರೆ ಸೀಸವನ್ನು ರಕ್ತದಿಂದ ಹೊರಹಾಕುವ ಔಷಧವಿದೆ, ತಡವಾದರೆ ಉಳಿಸುವುದು ಕಷ್ಟ. ನೆಕ್ಕಿದ ದನ ಕಾಯಿಲೆ ಬೀಳದೆ ಚೆನ್ನಾಗಿಯೇ ಕಂಡರೂ ಸೀಸ ಹಾಲಿನಲ್ಲಿ ಬರಬಹುದು. ಪಶುವೈದ್ಯರು ಒಪ್ಪುವ ತನಕ ಅದರ ಹಾಲನ್ನು ಸಂಘಕ್ಕೂ ಹಾಕಬೇಡಿ, ಮನೆಯ ಮಕ್ಕಳಿಗೂ ಕೊಡಬೇಡಿ.

ಬ್ಯಾಟರಿಯನ್ನು ಮನೆಯಲ್ಲಿ ಒಡೆದು ಸೀಸ ಮಾರುವುದು, ಆಮ್ಲವನ್ನು ತಿಪ್ಪೆಗೆ ಸುರಿಯುವುದು ಎರಡೂ ಕೂಡದು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಬೆರೆಸದೆ, ಸಂಗ್ರಹಣೆಗೆ ಅಥವಾ ಮರುಬಳಕೆಗೆ ಅಧಿಕೃತರಾದವರಿಗೇ ತಲುಪಿಸಬೇಕು. ಹೊಸದನ್ನು ಕೊಳ್ಳುವ ದಿನವೇ ಹಳೆಯದನ್ನು ಅಂಗಡಿಗೆ ಒಯ್ದರೆ ಅದರ ಬೆಲೆಯನ್ನು ಹೊಸದರ ಬಿಲ್ಲಿನಲ್ಲಿ ಕಳೆಯುತ್ತಾರೆ. ಅಂದು ಒಯ್ಯಲಾಗದಿದ್ದರೆ ಪ್ಲಾಸ್ಟಿಕ್ ಬುಟ್ಟಿಯಲ್ಲಿ ನೆಟ್ಟಗೆ ನಿಲ್ಲಿಸಿ, ದನ ಮತ್ತು ಮಕ್ಕಳ ಕೈಗೆ ಸಿಗದಂತೆ ಬೀಗ ಹಾಕುವ ಕೋಣೆಯಲ್ಲಿ ಇಡಿ. ಈಗಾಗಲೇ ಕೊಟ್ಟಿಗೆಯ ಹಿಂದೆ ಒಂದು ಬಿದ್ದಿದ್ದರೆ ಅದನ್ನು ಇಂದೇ ತೆಗೆಯಿರಿ. ಅದರ ಕೆಳಗಿನ ಮಣ್ಣನ್ನೂ ಒಂದು ಗೇಣು ಆಳಕ್ಕೆ ಅಗೆದು ಚೀಲಕ್ಕೆ ತುಂಬಿ, ದನ ಮೇಯುವ ಜಾಗದಿಂದಲೂ ಬಾವಿಯಿಂದಲೂ ದೂರವಿಟ್ಟು, ವಿಲೇವಾರಿಯ ಬಗ್ಗೆ ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ.